ಮಕ್ಕಳು ಕೇಳಿದ ಬಾಗಿಲು

೧೨ ಜೂನ್ ೨೦೨೫, ಗುರುವಾರ

ಬೆಳಿಗ್ಗೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಬರುವ ಬಸ್ಸಿನಲ್ಲಿ ನನ್ನ ಕಿಟಕಿಯ ಸರಳಿಗೆ ಯಾರೋ ಅಗಿದ ಚೂಯಿಂಗ್ ಗಮ್ ಅಂಟಿಸಿದ್ದರು. ಅದರ ಮೇಲೆ ಎರಡು ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಒಂದು ಹಲ್ಲು ಕೊಂಚ ಓರೆ. ಮುಕ್ಕಾಲು ಗಂಟೆ ಆ ಓರೆ ಹಲ್ಲಿನ ಮನುಷ್ಯನ ಪಕ್ಕದಲ್ಲೇ ಕೂತು ಬಂದಂತಾಯಿತು. ಎದ್ದು ಬೇರೆ ಸೀಟಿಗೆ ಹೋಗಬಹುದಿತ್ತು. ಎದ್ದರೆ ಎಲ್ಲರೂ ನೋಡುತ್ತಾರೆ ಎಂದು ಕೂತೇ ಇದ್ದೆ.

ಕೆಲಸಕ್ಕೆ ಸೇರಿ ಮೂರು ದಿನ. ಕೂಡ್ಲಿಗಿಯ ಒಂದು ಸರ್ಕಾರಿ ಶಾಲೆಯ ಹಿಂದೆ ಖಾಲಿ ಬಯಲಿದೆ. ಪಟ್ಟಣ ಪಂಚಾಯಿತಿಯವರು ಅದನ್ನು ಉದ್ಯಾನ ಮಾಡುತ್ತಾರಂತೆ. ಮಕ್ಕಳನ್ನು ಕೇಳಿಯೇ ನಕ್ಷೆ ಮಾಡಬೇಕೆಂಬುದು ಯೋಜನೆಯ ಷರತ್ತು. ಕೇಳಿದ್ದಕ್ಕೆ ಪುರಾವೆ ಬೇಕು. ನಕ್ಷೆ ಮಾಡುವ ಕಂಪನಿ ನನ್ನನ್ನು ಇಟ್ಟುಕೊಂಡಿರುವುದು ಆ ಪುರಾವೆ ಬರೆಯುವುದಕ್ಕೆ.

"ನಿಮ್ದು ಕನ್ನಡ ಎಂ.ಎ. ಅಲ್ವಾ ಕಹಕಶಾ ಮೇಡಂ" ಎಂದರು ಪ್ರವೀಣಕುಮಾರ್. ಕಂಪನಿಯ ಕಡೆಯಿಂದ ನನಗೆ ಮೇಲಿನವರು ಅವರೇ, ದಾವಣಗೆರೆಯವರು. "'ಮಕ್ಕಳ ದನಿ' ಅಂತ ಒಂದು ಅಧ್ಯಾಯ. ಭಾಷೆ ಚೆನ್ನಾಗಿರ್ಬೇಕು. ಓದಿದೋರ ಕಣ್ಣು ಒದ್ದೆ ಆಗ್ಬೇಕು."

ಐದು, ಆರು, ಏಳನೇ ತರಗತಿಯ ಮೂವತ್ತನಾಲ್ಕು ಮಕ್ಕಳು. ಕೊಠಡಿಯ ತುಂಬ ಕೊಬ್ಬರಿ ಎಣ್ಣೆ, ಒದ್ದೆ ಸಾಕ್ಸು, ಮೂಗಿನ ವಾಸನೆ. ಒಬ್ಬ ಹುಡುಗ ಸಿಂಬಳವನ್ನು ಅಂಗೈಯಿಂದ ಮೇಲಕ್ಕೆ ಒರೆಸಿ, ಅದೇ ಕೈಯಲ್ಲಿ ನನಗೆ ನಮಸ್ಕಾರ ಮಾಡಿದ. ಪ್ರವೀಣಕುಮಾರ್ ಜೇಬಿನಿಂದ ಸ್ಯಾನಿಟೈಸರ್ ತೆಗೆದು ಮೊದಲು ತಾವು ಉಜ್ಜಿಕೊಂಡು, ಆಮೇಲೆ ನನ್ನ ಅಂಗೈಗೂ ಒಂದು ಹನಿ ಬಿಟ್ಟರು. ಅವರ ಬಗ್ಗೆ ಕೃತಜ್ಞತೆ ಅನ್ನಿಸಿತು. ಮನೆಗೆ ಬಂದ ಮೇಲೂ ಎರಡು ಸಲ ಕೈ ತೊಳೆದೆ.

೧೪ ಜೂನ್, ಶನಿವಾರ

ಇವತ್ತು ಮಕ್ಕಳ ಜೊತೆ ಬಯಲು ನೋಡುವ ಕೆಲಸ. ಪ್ರವೀಣಕುಮಾರ್ ಶಾಲೆಯ ನೆರಳಿನಲ್ಲಿ ನಿಂತು ನನ್ನನ್ನು ಕಳಿಸಿದರು.

ಅದು ಬಯಲಲ್ಲ, ಊರಿನ ಎಂಜಲು ತಟ್ಟೆ. ಜಾಲಿ ಗಿಡದ ಮುಳ್ಳಿಗೆಲ್ಲ ಪ್ಲಾಸ್ಟಿಕ್ ಹಾಳೆ, ಮೊಟ್ಟೆಯ ಸಿಪ್ಪೆಯ ಗುಡ್ಡೆ, ಬಿಸಿಲಿಗೆ ಬೆಂದ ಡೈಪರು. ಒಂದು ಹಂದಿ ಮರಿಗಳ ಸಮೇತ ನಮ್ಮನ್ನು ನೋಡಿ, ದಾರಿ ಬಿಡದೆ, ತನ್ನ ಕೆಲಸ ಮುಂದುವರಿಸಿತು. ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ನಡೆದೆ. ಮಕ್ಕಳು ಓಡುತ್ತಿದ್ದರು.

ಬಯಲಿನ ಆಚೆ ತುದಿಗೆ ಹಳೆಯ ಕಲ್ಲುಗೋಡೆ. ಅದರಲ್ಲಿ ಒಂದಾಳು ಓರೆಯಾಗಿ ನುಸುಳುವಷ್ಟು ಸಂದು.

"ಇದ ನೋಡ್ರಿ ಟೀಚರ್, ನಮ್ ಕಿಂಡಿ" ಎಂದ ಹುಲುಗೇಶ. ಆರನೇ ತರಗತಿ. ಮೊನ್ನೆ ನಮಸ್ಕಾರ ಮಾಡಿದವನು ಇವನೇ.

"ಯಾರು ಮಾಡಿದ್ದು?"

"ಯಾರೂ ಮಾಡಿಲ್ರಿ. ಎರಡ ಕಲ್ಲ ತಾವಾಗೇ ಬಿದ್ವು. ಉಳಿದವನ್ನ ನಾವು ಬೀಳಿಸಿದ್ವಿ."

ಕಿಂಡಿಯ ಆಚೆ ಗಟಾರ, ಗಟಾರದ ಆಚೆ ಅವರ ಓಣಿ. ಓಣಿಯಿಂದ ಕಿಂಡಿ ದಾಟಿ ಬಯಲು ಹಾಯ್ದರೆ ಶಾಲೆಗೆ ಐದು ನಿಮಿಷ. ಇಲ್ಲದಿದ್ದರೆ ಹೈವೇ ಸುತ್ತಿ ಬರಬೇಕು, ಅರ್ಧ ಗಂಟೆ.

"ಹೈವೇ ಕಡಿಂದ ಬಂದ್ರ ಬಾರ್ ಮುಂದ ಹಾಯಬೇಕ್ರಿ" ಎಂದಳು ತಮನ್ನಾ. ಏಳನೇ ತರಗತಿ, ಸಣಕಲಿ, ನನ್ನ ಹಾಗೆಯೇ ನೆಲ ನೋಡಿಕೊಂಡು ಮಾತಾಡುತ್ತಾಳೆ. "ಅಲ್ಲಿ ಕುಡುದವರು ನಿಂತಿರ್ತಾರ. ಹಾಡು ಹೇಳ್ತಾರ. ಅದಕ್ಕ ನಮ್ಮಮ್ಮಿ ಆ ಕಡಿಂದ ಕಳ್ಸಂಗಿಲ್ಲ."

ಗಟಾರ ನೋಡಲು ಬಗ್ಗಿದವಳ ಕಾಲು ಜಾರಿ ಪಾದ ಮುಳುಗುವಷ್ಟು ಕೊಚ್ಚೆಯೊಳಕ್ಕೆ ಇಳಿಯಿತು. ಬೆಚ್ಚಗಿತ್ತು. ಅದೇ ಹೇಸಿಗೆ, ಬೆಚ್ಚಗಿರುವುದು. ತಮನ್ನಾ ತನ್ನ ಬಾಟಲಿಯ ನೀರು ಸುರಿದು, "ಕಾಲ ಕೊಡ್ರಿ ಟೀಚರ್, ತೊಳಿತೀನಿ" ಎಂದು ಕೂತಳು. ನಾನು ಕಾಲು ಎಳೆದುಕೊಂಡೆ. ಅವಳ ಉಗುರುಗಳು ಕಪ್ಪಗಿದ್ದವು.

೧೮ ಜೂನ್, ಬುಧವಾರ

ಪ್ರವೀಣಕುಮಾರ್ ಪ್ರೊಜೆಕ್ಟರಿನಿಂದ ತರಗತಿಯ ಗೋಡೆಯ ಮೇಲೆ ಬಣ್ಣದ ಚಿತ್ರ ಬೀಳಿಸಿದರು. ಜಾರುಬಂಡಿ, ಕಾರಂಜಿ, ಬಾಯಿ ತೆರೆದ ಡಾಲ್ಫಿನ್ ಆಕಾರದ ಕಸದ ಡಬ್ಬಿ. ಮೂವತ್ತನಾಲ್ಕು ಮಕ್ಕಳಿಗೂ ಮೂರು ಮೂರು ಅಂಟುಚೀಟಿ. ಯಾವುದು ಇಷ್ಟವೋ ಅದಕ್ಕೆ ಅಂಟಿಸಬೇಕು.

"ಸರ್, ಮೀನಿನ ಬಾಯಾಗ ಕಸ ಹಾಕಿದ್ರ ಹಿಂದಿಂದ ಯಾವಾಗ ಬರತೈತ್ರಿ?" ಎಂದು ಹುಲುಗೇಶ ಕೇಳಿದ. ಇಡೀ ಕೊಠಡಿ ನಕ್ಕಿತು. ಮುಖ್ಯೋಪಾಧ್ಯಾಯ ಏಕಾಂತಪ್ಪನವರೂ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಪ್ರವೀಣಕುಮಾರ್ ನಗಲಿಲ್ಲ.

"ಬೇರೆ ಏನಾದ್ರೂ ಬೇಕೇನ್ರೋ?"

ತಮನ್ನಾ ಎದ್ದಳು. ಅವಳು ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ: "ಆ ಕಿಂಡಿ ಐತಲ್ರಿ, ಅದಕ್ಕೊಂದು ಬಾಗ್ಲ ಹಚ್ಚರಿ. ಕೀಲಿ ಹಾಕಬ್ಯಾಡ್ರಿ. ಗಟಾರದ ಮ್ಯಾಲ ದಾಟಾಕ ಒಂದ ಬಂಡಿ ಕಲ್ಲ ಹಾಕ್ರಿ. ಸಾಕು."

"ಅದು ಪಾರ್ಕಿನ ವಿಷಯ ಅಲ್ಲ ಪುಟ್ಟಿ. ಕೂತ್ಕೋ" ಎಂದರು ಪ್ರವೀಣಕುಮಾರ್.

ಅವಳು ಕೂತಳು. ಮೂರೂ ಅಂಟುಚೀಟಿಯನ್ನು ಮನೆಗೆ ಒಯ್ದಳು, ಯಾವುದಕ್ಕೂ ಅಂಟಿಸಲಿಲ್ಲ.

೨೦ ಜೂನ್, ಶುಕ್ರವಾರ

ಅಧ್ಯಾಯ ಮುಗಿಯಿತು. ಓದಿದ್ದು ಯಾವುದಕ್ಕೂ ಬರಲಿಲ್ಲವಲ್ಲ ಎಂದು ಎರಡು ವರ್ಷದಿಂದ ಅನ್ನಿಸುತ್ತಿತ್ತು. ಇವತ್ತು ಹಾಗೆ ಅನ್ನಿಸಲಿಲ್ಲ. ತಮನ್ನಾಳ ಮಾತನ್ನು ಇದ್ದಂತೆ ಹಾಕಿದರೆ ಬಡಕಲಾಗಿ ಕಾಣುತ್ತಿತ್ತು. ಕಿಂಡಿ, ಗಟಾರ, ಬಂಡೆ, ಇವೆಲ್ಲ ವರದಿಯಲ್ಲಿ ಕೂರುವ ಪದಗಳಲ್ಲ. ಅವಳಿಗೆ ನಿಜವಾಗಿ ಬೇಕಾಗಿದ್ದು ಕುಡುಕರಿಂದ, ಲಾರಿಗಳಿಂದ ರಕ್ಷಣೆ ಎಂದು ಯೋಚಿಸಿ ಅದರ ಸಾರ ತೆಗೆದೆ:

"ಈ ಮುಗ್ಧ ಮನಸ್ಸುಗಳು ಸುಭದ್ರವೂ ಸುಂದರವೂ ಆದ ಆವರಣದ ಮಡಿಲಲ್ಲಿ, ಹೊರಜಗತ್ತಿನ ಕಶ್ಮಲ ಸೋಕದಂತೆ ಅರಳುವ ಕನಸು ಕಾಣುತ್ತಿವೆ."

ಪ್ರವೀಣಕುಮಾರ್ ನಿಂತುಕೊಂಡು ಗಟ್ಟಿಯಾಗಿ ಓದಿದರು. "ಇದು ನೋಡಿ ಮೇಡಂ. ಇದು ಬೇಕಾಗಿತ್ತು." ನನ್ನ ಕಿವಿ ಬಿಸಿಯಾಯಿತು. ಬಸ್ಸಿನಲ್ಲಿ ಆ ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡೆ.

೨೪ ಜೂನ್, ಮಂಗಳವಾರ

ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಇವತ್ತು ಮಕ್ಕಳು ಉದ್ಯಾನದ ಮಾದರಿ ಮಾಡಬೇಕಿತ್ತು. ಪ್ರವೀಣಕುಮಾರ್ ತಂದ ಪೆಟ್ಟಿಗೆಯಲ್ಲಿ ಥರ್ಮಾಕೋಲು, ಮಿಂಚಿನ ಪುಡಿ, ಪ್ಲಾಸ್ಟಿಕ್ ಗಿಡಗಳಿದ್ದವು. ಮಕ್ಕಳು ಅದನ್ನು ಮುಟ್ಟಿ ನೋಡಿ ಬದಿಗಿಟ್ಟರು. ಹುಲುಗೇಶನೂ ಇನ್ನಿಬ್ಬರೂ ಹೋಗಿ ಕೆರೆಯ ಮಣ್ಣನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಎತ್ತು ಮಾಡಲು ಮನೆಮನೆಯಲ್ಲೂ ಮಣ್ಣು ನಾದುತ್ತಿರುವಾಗ ಇವರ ಕೈ ಥರ್ಮಾಕೋಲಿಗೆ ಹೇಗೆ ಹೋಗಬೇಕು?

ಒಂದೂವರೆ ಗಂಟೆಯಲ್ಲಿ ಬಿಸಿಯೂಟದ ಕಟ್ಟೆಯ ಮೇಲೆ ಇಡೀ ಬಯಲು ಎದ್ದು ನಿಂತಿತು. ಶಾಲೆ, ಬೇವಿನ ಮರ, ಹಂದಿ, ಹಂದಿಯ ಮರಿಗಳು, ಹೈವೇ, ಹೈವೇ ಮೇಲೆ ಅಡ್ಡಾದಿಡ್ಡಿ ಲಾರಿ. ಬಾರಿನ ಮುಂದೆ ಮೂರು ಮುದ್ದೆ.

"ಇವೇನು?"

"ಕುಡುದು ಬಿದ್ದವರ್ರಿ."

"ಲೇ, ನಿಮ್ಮ ಮಾಮ ಎಲ್ಲೋ ಇದರಾಗ?" ಎಂದ ಒಬ್ಬ.

"ಅವ ಗಟಾರದಾಗ ಅದಾನ, ಕಾಣಂಗಿಲ್ಲ" ಎಂದ ಹುಲುಗೇಶ, ಮಣ್ಣಿನಿಂದ ತಲೆ ಎತ್ತದೆ.

ಗೋಡೆ ಕಟ್ಟಿದವಳು ತಮನ್ನಾ. ಸರಿಯಾದ ಜಾಗದಲ್ಲಿ ಕಿಂಡಿ ಬಿಟ್ಟು ಅದಕ್ಕೆ ಬೆಂಕಿಪೊಟ್ಟಣದ ರಟ್ಟಿನ ಬಾಗಿಲು ಹಚ್ಚಿದಳು. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಓಣಿಯಿಂದ ಕಿಂಡಿಯವರೆಗೆ ಕಡಲೆಕಾಳಿನಷ್ಟು ಉಂಡೆಗಳ ಸಾಲು ಇಟ್ಟಳು, ಇಪ್ಪತ್ತಾರು. ಹೆಸರು ಹೇಳುತ್ತ ಒಂದೊಂದನ್ನೇ ಇಟ್ಟಳು. ಎಲ್ಲ ಆ ಓಣಿಯಿಂದ ಕಿಂಡಿ ದಾಟಿ ಶಾಲೆಗೆ ಬರುವ ಹುಡುಗಿಯರು. ಒಂದು ಉಂಡೆ ನನ್ನ ಕೈಗೆ ಕೊಟ್ಟು, "ಇದನ್ನ ನೀವ ಇಡ್ರಿ, ಈಕಿ ಅಂಜಿನಮ್ಮ, ನಾಕನೇ ಕ್ಲಾಸ್" ಎಂದಳು. ಇಟ್ಟೆ.

ಮಧ್ಯಾಹ್ನ ಅಡುಗೆಯಕ್ಕ ಎಲ್ಲರಿಗೂ ಬಡಿಸಿದಳು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಮಕ್ಕಳ ಸಾಲಿನಲ್ಲೇ ಕೂತು ಉಂಡೆ. ಬಸ್ಸಿನಲ್ಲಿ ನೋಡಿಕೊಂಡರೆ ಉಗುರಿನ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು.

ಪ್ರವೀಣಕುಮಾರ್ ಫೋಟೊ ತೆಗೆದರು. "ಥರ್ಮಾಕೋಲ್ ಆಗಿದ್ರೆ ಕ್ಲೀನಾಗಿ ಬರ್ತಿತ್ತು" ಎಂದರು. ಬೇವಿನ ಮರದ ಕಡೆಯಿಂದಷ್ಟೇ ತೆಗೆದರು, ಕಿಂಡಿಯ ಕಡೆಯಿಂದಲ್ಲ.

೨೭ ಜೂನ್, ಶುಕ್ರವಾರ

ಮಾದರಿ ಕಟ್ಟೆಯ ಮೇಲಿಲ್ಲ. ಕಂಪನಿಯಿಂದ ಯಾರೋ ದೊಡ್ಡವರು ಬರುತ್ತಾರೆಂದು ನಿನ್ನೆ ಕಟ್ಟೆ ತೊಳೆಸಿದರಂತೆ. "ನನಗ ಹೇಳಿದ್ರು, ನಾ ಒಗದೆ" ಎಂದಳು ಅಡುಗೆಯಕ್ಕ. "ಎತ್ತ ಇದ್ದಿದ್ದರ ಪೂಜಿ ಮಾಡಿ ಕೆರ್ಯಾಗ ಬಿಡ್ತಿದ್ದೆ. ಅದರಾಗ ಎತ್ತ ಇರಲಿಲ್ಲ, ಹಂದಿ ಇದ್ವು." ಕಸದ ಗುಂಡಿಯಲ್ಲಿ ಮಣ್ಣು ಕರಗಿ ಒಂದೇ ಬಣ್ಣವಾಗಿತ್ತು. ಬೆಂಕಿಪೊಟ್ಟಣದ ರಟ್ಟನ್ನು ಒಂದು ಕೋಳಿ ಕುಕ್ಕುತ್ತಿತ್ತು.

ಬಂದ ದೊಡ್ಡವರು ಐದು ನಿಮಿಷ ಇದ್ದು ಹೋದರು. ಕುಡಿದು ಬಿಟ್ಟ ಎಳನೀರಿನ ಬುರುಡೆಗಳಿಗೆ ಈಗ ನೊಣ ಮುತ್ತಿವೆ.

೧ ಜುಲೈ, ಮಂಗಳವಾರ

ಶಾಲೆಯ ಗೇಟಿಗೆ ಹತ್ತು ಅಡಿಯ ಫ್ಲೆಕ್ಸ್ ಕಟ್ಟಿದ್ದಾರೆ. ಹೊಸ ಫ್ಲೆಕ್ಸಿನ ಸೀಮೆಎಣ್ಣೆಯಂಥ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಎಡಗಡೆ ಉದ್ಯಾನದ ಬಣ್ಣದ ನಕ್ಷೆ. ಬಲಗಡೆ ತಮನ್ನಾಳ ಮುಖ, ಯಾವಾಗ ತೆಗೆದಿದ್ದರೋ. ಕೆನ್ನೆ ಬೆಳ್ಳಗೆ ಮಾಡಿ, ತುಟಿಗೆ ಬಣ್ಣ ಹಾಕಿದ್ದಾರೆ. ಅವಳ ಬಾಯಿಯ ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ನನ್ನ ವಾಕ್ಯ.

ನಕ್ಷೆಯ ಸುತ್ತ ಎಂಟಡಿ ಕಾಂಕ್ರೀಟ್ ಗೋಡೆ. ಎಲ್ಲಿಯೂ ಸಂದಿಲ್ಲ. ಗೋಡೆಯ ಕೆಳಗೆ ಸಣ್ಣ ಅಕ್ಷರದಲ್ಲಿ: ಮಕ್ಕಳ ಬೇಡಿಕೆಯ ಮೇರೆಗೆ.

ಪ್ರವೀಣಕುಮಾರ್ ಅವರನ್ನು ಕೇಳಿದೆ. ನಾನಾಗಿ ಅವರನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. "ಸರ್, ಕಿಂಡಿ?"

"ನೀವೇ ಬರ್ದಿದ್ದೀರಲ್ಲ ಮೇಡಂ, ಸುಭದ್ರ ಆವರಣ ಅಂತ. ಮೊದಲು ಬೇಲಿ ಇತ್ತು ಡ್ರಾಯಿಂಗಲ್ಲಿ. ನಿಮ್ಮ ಪುಟ ನಾಲ್ಕು ಓದಿ ಮೇಲಿನವರೇ ಗೋಡೆ ಮಾಡಿ ಅಂದ್ರು." ಅವರು ಹೊಗಳುತ್ತಿದ್ದರು. ಹೊಗಳುತ್ತಲೇ ಹಲ್ಲಿನ ಸಂದಿಯಿಂದ ಅಡಿಕೆಯ ಚೂರು ತೆಗೆದು, ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡರು.

ಫ್ಲೆಕ್ಸನ್ನು ಮತ್ತೆ ಓದಿದೆ. ಮಡಿಲು, ಕಶ್ಮಲ, ಅರಳುವ. ಒಂದೊಂದೂ ಯಾರೋ ಅಗಿದು ತಮನ್ನಾಳ ಬಾಯಿಗೆ ಇಟ್ಟ ಪದ. ಅಗಿದವಳು ನಾನೇ.

೩ ಜುಲೈ, ಗುರುವಾರ

ಶಾಲೆ ಬಿಟ್ಟ ಮೇಲೆ ತಮನ್ನಾಳ ಜೊತೆ ಕಿಂಡಿ ದಾಟಿ ಅವರ ಮನೆಗೆ ಹೋದೆ. ಅವಳ ತಾಯಿ ಗುಲ್ಜಾರ್ ಬೀ ಕೌದಿ ಹೊಲಿಯುತ್ತಾರೆ. ಮನೆಯ ತುಂಬ ಹಳೆಯ ಸೀರೆಯ ತುಂಡುಗಳಿದ್ದವು. ಸೂಜಿ ನಿಲ್ಲಿಸದೆ ಮಾತಾಡಿದರು.

"ಗ್ವಾಡಿ ಎತ್ತಿದ ದಿನಾನ ಈಕಿ ಸಾಲಿ ಬಂದ್. ಹಠಕ್ಕ ಹೇಳ್ತಿಲ್ಲಮ್ಮ. ಈಕಿ ಅಕ್ಕನ್ನ ಹೈಸ್ಕೂಲಿಗೆ ಹೈವೇ ಕಡಿಂದ ಕಳ್ಸಿದ್ದೆ. ಎಂಟು ದಿನ. ಒಂಬತ್ತನೇ ದಿನ ಆಕಿ ತಾನಾಗೇ ಚೀಲ ಮೂಲ್ಯಾಗಿಟ್ಟಳು. ಏನಾತು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕೇಳಾಕ ನನಗ ಧೈರ್ಯ ಇಲ್ಲ."

ಒಳಗಿನ ಬಾಗಿಲ ಹತ್ತಿರ ಆ ಅಕ್ಕ, ನನ್ನ ವಯಸ್ಸಿನವಳು, ಚಹಾ ಹಿಡಿದು ನಿಂತಿದ್ದಳು. ಕೊಟ್ಟು ಒಳಗೆ ಹೋದಳು.

"ಈ ಓಣ್ಯಾಗ ಇನ್ನೂ ಇಪ್ಪತ್ತೈದು ಮನಿ ಇದನ್ನ ಹೇಳ್ತಾವ" ಎಂದರು ಗುಲ್ಜಾರ್ ಬೀ. "ಎಲ್ಲರ ಫೋಟೊ ಹಾಕಿಲ್ಲ ನೋಡು, ಈಕಿದೊಂದ ಹಾಕ್ಯಾರ. ಓಣ್ಯಾಗಿನವರು ಕೇಳಾಕ ಹತ್ಯಾರ, ನಿನ್ನ ಮಗಳ ಬೇಡ್ಯಾಳಂತಲ್ಲ ಗ್ವಾಡಿ ಅಂತ."

ತಮನ್ನಾ ಚಾಪೆಯ ದಾರ ಕೀಳುತ್ತಿದ್ದಳು. "ಟೀಚರ್, ಆ ಬೋರ್ಡಿನಾಗ ಬರದದ್ದು ನಾ ಹೇಳಿದ್ದಾ ಏನ್ರಿ?"

"ಇಲ್ಲ."

"ಮತ್ತ ಯಾರು ಹೇಳಿದ್ದು?"

ನೆಲ ನೋಡಿಕೊಂಡೇ ಕೇಳಿದಳು. ನಾನೂ ನೆಲ ನೋಡಿಕೊಂಡೇ ಹೇಳಿದೆ, "ನಾನು."

ಸೂಜಿ ನಿಂತಿತು. ಗುಲ್ಜಾರ್ ಬೀ ಬಯ್ಯುತ್ತಾರೆಂದುಕೊಂಡೆ. ಅವರು ನನ್ನ ಚಹಾದ ಲೋಟದ ಕಡೆ ನೋಡಿ, "ಆರತೈತಿ, ಕುಡಿ" ಎಂದರು. ಕುಡಿದೆ. ಬೈದಿದ್ದರೆ ಇದಕ್ಕಿಂತ ಸುಲಭವಿತ್ತು.

೪ ಜುಲೈ, ಶುಕ್ರವಾರ

ನಕ್ಷೆಯನ್ನು ಪಟ್ಟಣ ಪಂಚಾಯಿತಿ ಕಚೇರಿಯ ಫಲಕಕ್ಕೆ ಅಂಟಿಸಿದ್ದಾರೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಸೋಮವಾರ ಸಂಜೆಯೊಳಗೆ ಬರಹದಲ್ಲಿ ಕೊಡಬೇಕು. ಇದುವರೆಗೆ ಒಂದೂ ಬಂದಿಲ್ಲವಂತೆ. ಮಕ್ಕಳೇ ಕೇಳಿದ್ದಕ್ಕೆ ಯಾರು ಆಕ್ಷೇಪಿಸುತ್ತಾರೆ?

ಪ್ರವೀಣಕುಮಾರ್ ಶಾಲೆಗೆ ಬಂದು ಒಂದು ಹಾಳೆ ಕೊಟ್ಟರು. "ಮಕ್ಕಳು ಹೇಳಿದ್ದನ್ನು ಹೇಳಿದಂತೆಯೇ ದಾಖಲಿಸಿರುತ್ತೇನೆ." ಕೆಳಗೆ ನನ್ನ ಸಹಿಗೆ ಜಾಗ.

"ನಕ್ಷೆ ಯಾವಾಗ ಆಗಿದ್ದು ಸರ್?"

"ಏಪ್ರಿಲ್. ಗೋಡೆ ಒಂದೇ ಆಮೇಲೆ ಸೇರಿದ್ದು." ಸುಳ್ಳು ಹೇಳಲಿಲ್ಲ, ಅಷ್ಟು ಶ್ರಮವೂ ಬೇಕಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಕಾಲು ಒತ್ತಿಕೊಂಡರು. "ಎಂಟು ವರ್ಷ ಆಯ್ತು ಈ ಕೆಲಸದಲ್ಲಿ. ಮೊದಮೊದಲು ನಾನೂ ಅವ್ರು ಹೇಳಿದ್ದನ್ನೇ ಬರೀತಿದ್ದೆ. ಫೈಲು ವಾಪಸ್ ಬರ್ತಿತ್ತು. ನಿಮ್ಮದು ವಾಪಸ್ ಬರಲ್ಲ ಮೇಡಂ, ನಿಮಗೆ ಬರೆಯೋ ಕೈ ಇದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಾಲ್ಕೂ ಕಡೆ ಪಾರ್ಕ್ ಇವೆ. ಹೊಸದಾಗಿ ಬರೆಯೋದೂ ಬೇಡ. ಇದೇ ಅಧ್ಯಾಯ, ಊರಿನ ಹೆಸರು ಬದಲಿಸಿದ್ರೆ ಆಯ್ತು. ಮಕ್ಕಳು ಎಲ್ಲಾ ಕಡೆ ಒಂದೇ ಅಲ್ವಾ."

ಆ ಶೂಗಳೊಳಗಿನಿಂದ ಬಂದ ವಾಸನೆಗೆ ಮುಖ ತಿರುಗಿಸಿದೆ. ಸೋಮವಾರ ಕೊಡುತ್ತೇನೆಂದು ಹಾಳೆ ಮಡಿಸಿಕೊಂಡೆ. ಏಕಾಂತಪ್ಪನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೊರಡುವಾಗ ಮೆಲ್ಲಗೆ, "ನನಗೆ ಇನ್ನ ಎರಡು ವರ್ಷ ಸರ್ವೀಸ್ ಐತಿ ನೋಡಮ್ಮ" ಎಂದರು. ನಾನು ಅವರನ್ನು ಏನೂ ಕೇಳಿರಲಿಲ್ಲ.

೬ ಜುಲೈ, ಭಾನುವಾರ

ಮೊಹರಂ ಕೊನೆಯ ದಿನ. ನಮ್ಮ ಓಣಿಯಲ್ಲಿ ಬೆಳಗಿನಿಂದ ಹಲಗೆಯ ಸದ್ದು. ಅಬ್ಬಾ ತಮ್ಮ ಮೋಟರ್ ರಿಪೇರಿ ಅಂಗಡಿ ತೆರೆಯಲಿಲ್ಲ. ಆದರೂ ಸುಟ್ಟ ಪಂಪಿನ ಮೋಟರೊಂದನ್ನು ಮನೆಗೇ ತಂದು ಅಂಗಳದಲ್ಲಿ ಬಿಚ್ಚುತ್ತ ಕೂತಿದ್ದರು. ಕಪ್ಪಾದ ತಂತಿ ಸುರುಳಿಯನ್ನು ಪೂರ್ತಿ ಕಿತ್ತು ಹಾಕಿದರು.

"ಸ್ವಲ್ಪ ಸುಟ್ಟಿದ್ದರೆ ಅಷ್ಟನ್ನೇ ತೆಗೆಯೋಕಾಗಲ್ವಾ?" ಎಂದು ಕೇಳಿದೆ.

"ತೆಗೀಬಹುದು. ಗಿರಾಕಿ ವಾಪಸ್ ಬರ್ತಾನ, ಬೈತಾನ" ಎಂದರು. ಆಮೇಲೆ ನನ್ನ ಮುಖ ನೋಡಿ, "ಯಾಕ ಬೇಟಿ, ಕೆಲಸದಾಗ ಏನರ ಆಗೈತೇನು?" ಎಂದರು.

"ಕೆಲಸ ಹೋಗಬಹುದು."

ಅವರು ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿದರು. "ಕೆಟ್ಟದ್ದು ಮಾಡಿದ್ದಕ್ಕ ಹೋಗತೈತೋ, ಬಿಟ್ಟಿದ್ದಕ್ಕ ಹೋಗತೈತೋ?"

"ಮಾಡಿದ್ದೀನಿ. ಬಿಡಬೇಕು ಅಂದ್ಕೊಂಡೀನಿ."

"ನಿಮ್ಮಮ್ಮಿಗೆ ನಾ ಹೇಳ್ತೀನಿ" ಎಂದಷ್ಟೇ ಹೇಳಿ ಮತ್ತೆ ಮೋಟರಿಗೆ ಬಗ್ಗಿದರು.

ಮಧ್ಯಾಹ್ನ ನೋಟುಬುಕ್ಕಿನಿಂದ ನಕಲು ಮಾಡಲು ಕೂತೆ. ಮೂವತ್ತನಾಲ್ಕು ಮಕ್ಕಳು ಹೇಳಿದ್ದು, ದಿನಾಂಕ ಹಾಕಿ, ಅವರು ಹೇಳಿದಂತೆಯೇ. ಬಂಡಿ ಎಂದದ್ದನ್ನು ಬಂಡೆ ಮಾಡಲಿಲ್ಲ. ಎರಡು ಕಡೆ ಕೈ ತಾನಾಗಿಯೇ ಒಂದು ಒಳ್ಳೆಯ ಪದದ ಕಡೆ ಹೋಯಿತು, ಹೊಡೆದು ಹಾಕಿದೆ. ಮಾದರಿಯಲ್ಲಿ ಸಾಲಾಗಿ ಇಟ್ಟ ಇಪ್ಪತ್ತಾರು ಹೆಸರುಗಳಲ್ಲಿ ಇಪ್ಪತ್ತೆರಡು ನೆನಪಿದ್ದವು. ಉಳಿದ ನಾಲ್ಕನ್ನು ನಾಳೆ ಬೆಳಿಗ್ಗೆ ತಮನ್ನಾಳನ್ನು ಕೇಳಿ ತುಂಬಬೇಕು. ಅವಳೂ ಗುಲ್ಜಾರ್ ಬೀಯೂ ಬರುತ್ತೇವೆ ಎಂದರೆ ಕರೆದುಕೊಂಡು ಹೋಗುವುದು, ಇಲ್ಲದಿದ್ದರೆ ಒಬ್ಬಳೇ. ಕಚೇರಿಯಲ್ಲಿ ಹತ್ತು ಜನರ ಮುಂದೆ ಏನು, ಎಂಥದು ಎಂದು ಕೇಳುತ್ತಾರೆ. ನಿಂತು ಹೇಳುವುದು. ಧ್ವನಿ ನಡುಗಿದರೆ ನಡುಗಲಿ.

ಪ್ರವೀಣಕುಮಾರ್ ಕೊಟ್ಟ ಹಾಳೆಗೆ ಸಹಿ ಹಾಕಿಲ್ಲ. ಆಕ್ಷೇಪಣೆಯ ನಮೂನೆ ತುಂಬಿದೆ. ಹೆಸರು: ಕಹಕಶಾ. ತಂದೆಯ ಹೆಸರು: ಕಮಾಲಸಾಬ. ಊರು: ಕೊಟ್ಟೂರು. ಆಕ್ಷೇಪಣೆ: ಮಕ್ಕಳು ಗೋಡೆ ಕೇಳಿಲ್ಲ, ಬಾಗಿಲು ಕೇಳಿದ್ದಾರೆ. ಯೋಜನೆಗೂ ಅರ್ಜಿದಾರರಿಗೂ ಇರುವ ಸಂಬಂಧ ಎಂಬ ಕಡೆ ಬರೆದೆ: ವರದಿಯ ಪುಟ ನಾಲ್ಕರಲ್ಲಿರುವ ಸುಳ್ಳು ನನ್ನದು.